ಬಡಿಸುವ ಹೆಣ

ಹಂಪಣ್ಣನ ಮುಖ ಸಿನಿಮಾದಲ್ಲಿ ಇರಬೇಕಾದ ಮುಖ ಎಂಬ ಮಾತು ಹುಟ್ಟಿದ್ದು ಅವನದೇ ಖಾನಾವಳಿಯಲ್ಲಿ. ಹುಟ್ಟಿಸಿದವನು ಮೂರನೇ ಸಲ ಶೇಂಗಾ ಚಟ್ನಿ ಕೇಳಬೇಕಾಗಿದ್ದ ಒಬ್ಬ ಗಿರಾಕಿ. ಅಂಥ ಮಾತನ್ನು ಚಟ್ನಿ ಬಡಿಸಿದ ಕೂಡಲೇ ಮರೆತುಬಿಡಬೇಕು. ಹಂಪಣ್ಣ ಇಪ್ಪತ್ತು ವರ್ಷ ಅದನ್ನು ಎದೆಯಲ್ಲಿ ಬೆಚ್ಚಗೆ ಇಟ್ಟುಕೊಂಡ. ತೊಳೆದ ತಾಟು ಒರೆಸುವಾಗ ಒಂದೊಂದರಲ್ಲೂ ತನ್ನ ಮುಖ ನೋಡಿಕೊಳ್ಳುತ್ತಿದ್ದ. ತಾಟಿನಲ್ಲಿ ಯಾರ ಮುಖವಾದರೂ ಸ್ವಲ್ಪ ಅಗಲವಾಗಿಯೇ ಕಾಣುತ್ತದೆ. ಅಗಲ ಮುಖದವರಿಗೆ ಊರ ಗೌಡನ ಪಾತ್ರ ಸಿಗುತ್ತದೆ ಎಂಬುದು ಅವನ ನಂಬಿಕೆ.

ಕುಕನೂರಿನ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಅವನ ಖಾನಾವಳಿ. ಬಾಗಿಲ ಮೇಲೆ ‘ಶುದ್ಧ ಶಾಕಾಹಾರಿ’ ಎಂದು ಅವನ ಅಪ್ಪ ಬರೆಸಿದ ಬೋರ್ಡು. ಅದರ ಅರ್ಧ ಬಣ್ಣ ಹೋಗಿದ್ದರೂ ಮಾತು ಮಾತ್ರ ಅಳಿಸಿರಲಿಲ್ಲ. ತಿಂಗಳ ಗಿರಾಕಿಗಳು ನಲವತ್ತು ಮಂದಿ. ಅವರಲ್ಲಿ ಹಿರಿಯರು ಗುರುಬಸವ ಮಾಸ್ತರು, ನಿವೃತ್ತ ಹೆಡ್‌ಮಾಸ್ತರು. ಹೆಂಡತಿ ತೀರಿದ ಮೇಲೆ ಹನ್ನೊಂದು ವರ್ಷದಿಂದ ಎರಡೂ ಹೊತ್ತು ಅಲ್ಲಿಯೇ ಊಟ. ಮೇಲಾಗಿ ಅವರು ಊರ ದೈವದ ಮುಖ್ಯಸ್ಥರು. ಈ ಕಡೆ ದೈವ ಅಂದರೆ ಗುಡಿಯ ಒಳಗೆ ಕೂತದ್ದಲ್ಲ, ಗುಡಿಯ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯರ ಕೂಟ. ಮಾಸ್ತರು ಎಲ್ಲಿ ಉಣ್ಣುತ್ತಾರೋ ಅಲ್ಲಿ ಊರು ಉಣ್ಣುತ್ತದೆ. ಮಾಸ್ತರು ತಾಟು ಸರಿಸಿದರೆ ಖಾನಾವಳಿಗೆ ಬೀಗವೇ ಗತಿ. ಇದು ಹಂಪಣ್ಣನಿಗೂ ಗೊತ್ತು, ಮಾಸ್ತರಿಗಂತೂ ಚೆನ್ನಾಗಿಯೇ ಗೊತ್ತು.

ಹಂಪಣ್ಣನದೊಂದು ಚಟ ಇಲ್ಲಿ ಹೇಳಲೇಬೇಕು. ಎದುರಿಗೆ ಒಬ್ಬ ಹಸಿದವನಿದ್ದರೂ ಅವನಿಗೆ ತುತ್ತು ಇಳಿಯುವುದಿಲ್ಲ. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಕೂತವನು ಎರಡೇ ನಿಮಿಷಕ್ಕೆ ಎದ್ದು, ಯಾರದೋ ಕೈಯಿಂದ ಬಕೀಟು ಕಸಿದುಕೊಂಡು ಬಡಿಸಲು ನಿಲ್ಲುತ್ತಾನೆ. ತನ್ನ ಮದುವೆಯಲ್ಲೂ ಬಾಸಿಂಗ ಕಟ್ಟಿಕೊಂಡೇ ಸಾರು ಬಡಿಸಿದ್ದ ಎಂದು ಹೆಂಡತಿ ವಿರೂಪಾಕ್ಷಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಹೀಗಿರುವಾಗ ಒಂದು ಮಧ್ಯಾಹ್ನ ಗಂಗಾವತಿಯ ಹನುಮೇಶ ಊಟಕ್ಕೆ ಬಂದ. ಹನುಮೇಶ ಜನ ಒದಗಿಸುವ ಏಜೆಂಟ. ಭತ್ತದ ನಾಟಿಗೆ, ಪಕ್ಷದ ಸಭೆಗೆ, ಸಿನಿಮಾದ ಗುಂಪಿಗೆ, ಎಲ್ಲಕ್ಕೂ ಅವನದು ಅದೇ ಟೆಂಪೋ, ಅದೇ ಜನ. ಐದನೇ ರೊಟ್ಟಿ ಮುರಿಯುತ್ತ ಅವನು ಹಂಪಣ್ಣನನ್ನು ಮೇಲಿಂದ ಕೆಳಗೆ ನೋಡಿದ.

“ಅಣ್ಣಾರ, ವಿರೂಪಾಪುರಗಡ್ಡ್ಯಾಗ ಶೂಟಿಂಗ್ ನಡದೈತ್ರಿ. ವಯಸ್ಸಾದ ಮುಖ ಒಂದು ಕಡಿಮಿ ಬಿದ್ದೈತಿ. ನಾಳೆ ಬರ್ತೀರೇನು?”

“ಪಾತ್ರ ಎಂಥಾದ್ದು?”

“ಊಟದ ಸೀನ್ ಐತ್ರಿ. ಭಾಳ ಮುಖ್ಯ ಸೀನ್. ಇಡೀ ಸಿನಿಮಾ ಅದರ ಮ್ಯಾಲ ನಿಂತೈತಿ ಅಂತ ನಮ್ಮ ಡೈರೆಕ್ಟರ್ ಅಂತಾರ.”

ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಹಂಪಣ್ಣನ ಕಿವಿ ದಾಟುವಷ್ಟರಲ್ಲಿ ಅದು ಗೌಡ ತನ್ನ ವಾಡೆಯಲ್ಲಿ ಬೆಳ್ಳಿ ತಾಟಿನ ಮುಂದೆ ಕೂತ ಸೀನ್ ಆಯಿತು. ಸಂಜೆಯೊಳಗೆ ಗೌಡನಿಗೆ ಇಬ್ಬರು ಮಕ್ಕಳು, ಒಂದು ಬಂದೂಕು ಸೇರಿದವು. ರಾತ್ರಿ ಮಾಸ್ತರಿಗೆ ಮಜ್ಜಿಗೆ ಬಡಿಸುತ್ತ, “ನಾಳೆ ಒಂದಿನ ನೀವs ಸುಧಾರಿಸಿಕೋಬೇಕ್ರಿ, ಸಿನಿಮಾದವರು ಬಿಡವಲ್ರು” ಎಂದ. ಮಾಸ್ತರು, “ನಡೀಲಿ, ನಮ್ಮೂರ ಹೆಸರು ಬರಲಿ” ಎಂದು ಆಶೀರ್ವದಿಸಿದರು. ಊರ ಹೆಸರು ಬಂತು, ಅದರಲ್ಲಿ ಅನುಮಾನವಿಲ್ಲ.

ಮರುದಿನ ಹೊಳೆಯ ನಡುವಿನ ಆ ಗಡ್ಡೆಯಲ್ಲಿ, ಹುಣಸೆ ಮರದ ಕೆಳಗೆ ಹಂಪಣ್ಣನ ಮುಖಕ್ಕೆ ಸುಣ್ಣದಂಥ ಬಣ್ಣ ಬಳಿದರು. ತುಟಿ ಕಪ್ಪು ಮಾಡಿದರು. ಕುತ್ತಿಗೆಯ ಮೇಲೆ ಯಾರೋ ಕಚ್ಚಿ ಮಾಂಸ ಕಿತ್ತಂತೆ ಒಂದು ರಬ್ಬರಿನ ಗಾಯ ಅಂಟಿಸಿದರು. ಗೌಡ ಹುಲಿಯ ಜೊತೆ ಕಾದಾಡಿ ಬಂದಿರಬಹುದು ಎಂದು ಹಂಪಣ್ಣ ಸಮಾಧಾನ ಮಾಡಿಕೊಂಡ. ಹಣೆಯ ವಿಭೂತಿ ಒರೆಸಲು ಬಂದಾಗ ಮಾತ್ರ ಬಣ್ಣದ ಹುಡುಗಿಯ ಕೈ ಹಿಡಿದ. “ಇದನ್ನ ತಗಿಯಂಗಿಲ್ಲವ್ವಾ. ಮನಿಯಿಂದ ಹಚಿಗೊಂಡು ಬಂದದ್ದು.” ಅವಳೂ ಹೆಚ್ಚು ವಾದಿಸದೆ ವಿಭೂತಿಯ ಬಣ್ಣಕ್ಕೇ ಇಡೀ ಮುಖವನ್ನು ಸರಿಹೊಂದಿಸಿದಳು.

ಸುತ್ತ ನೋಡಿದರೆ ಇನ್ನೂ ಇಪ್ಪತ್ತು ಮಂದಿ ಅದೇ ಮುಖ, ಅದೇ ಗಾಯ. ಹೋದ ವಾರ ಅದೇ ಊರಿನ ಗದ್ದೆಯಲ್ಲಿ ಸಸಿ ನೆಟ್ಟ ಹನುಮೇಶನ ಗುಂಪು. ಅತ್ತ ಕೊಡೆಯ ನೆರಳಲ್ಲಿ ಎರಡು ಉದ್ದ ಕೋರೆಹಲ್ಲಿನ ಒಬ್ಬ ಚೆಂದದ ಹುಡುಗ ಕೊಳವೆ ಹಾಕಿ ಎಳನೀರು ಹೀರುತ್ತಿದ್ದ. ಅವನು ರಕ್ತ ಕುಡಿಯುವ ಪಿಶಾಚಿ ಅಂತೆ, ಸಿನಿಮಾಕ್ಕೆ ಹೀರೋ ಅಂತೆ.

ಡೈರೆಕ್ಟರು ಬೆಂಗಳೂರಿನವನು, ಇಪ್ಪತ್ತೇಳರ ವಯಸ್ಸು. ಎಲ್ಲರನ್ನೂ ಕೂಡಿಸಿ ಪಾತ್ರ ವಿವರಿಸಿದ. “ನೀವೆಲ್ಲ ಜೋಂಬಿಗಳು. ಅಂದರೆ ಸತ್ತಿದ್ದೀರಿ, ಆದರೂ ಎದ್ದು ಬಂದಿದ್ದೀರಿ. ಮಾತಿಲ್ಲ, ಬುದ್ಧಿ ಇಲ್ಲ. ಹಸಿವು ಮಾತ್ರ ಇದೆ.”

ಹಂಪಣ್ಣನ ವಾಡೆ, ಬೆಳ್ಳಿ ತಾಟು, ಬಂದೂಕು ಎಲ್ಲ ಒಟ್ಟಿಗೆ ಹೊಳೆಯಲ್ಲಿ ತೇಲಿಹೋದವು. ಆದರೆ ಕಡೆಯ ಮಾತು ಅವನನ್ನು ಹಿಡಿದು ನಿಲ್ಲಿಸಿತು. “ಎಷ್ಟು ದಿನದ ಹಸಿವು ಸರ್ರ?” ಎಂದು ಕೇಳಿದ.

ಅಷ್ಟು ಆಳದ ಪ್ರಶ್ನೆಯನ್ನು ಹೀರೋ ಕೂಡ ಕೇಳಿರಲಿಲ್ಲ. ಡೈರೆಕ್ಟರು ಹಿಗ್ಗಿ, “ನೂರು ವರ್ಷದ್ದು!” ಎಂದ.

ನೂರು ವರ್ಷ! ಇಪ್ಪತ್ತು ಮಂದಿ! ಹಂಪಣ್ಣ ಮನಸ್ಸಿನಲ್ಲೇ ರೊಟ್ಟಿಯ ಲೆಕ್ಕ ಹಾಕಿದ.

ಬಂಡೆಯ ಮೇಲೆ ಒಬ್ಬನನ್ನು ಅಂಗಾತ ಮಲಗಿಸಿ, ಅಂಗಿ ಹರಿದು, ಹೊಟ್ಟೆಯ ಮೇಲೆ ಒಂದು ಪುಟ್ಟಿ ತುಂಬ ಕೆಂಪು ಕರುಳು ಸುರಿದರು. ಕರುಳು ಮಾಡಿದವನು ಯಂಕೇಶ, ಸಿನಿಮಾದ ಸಾಮಾನು ತಯಾರಿಸುವ ಗಂಗಾವತಿ ಕಡೆಯ ಹುಡುಗ. ಮೈದಾ ಮತ್ತು ಅಕ್ಕಿಹಿಟ್ಟು ನಾದಿ, ಬೆರಳು ಗಾತ್ರ ಹೊಸೆದು, ಬೇಯಿಸಿ, ಬೀಟ್‌ರೂಟ್ ರಸದಲ್ಲಿ ನೆನೆಸಿದ್ದ. ತಿನ್ನಲಿಕ್ಕೆ ಏನೂ ತೊಂದರೆ ಇಲ್ಲ ಎಂದು ಎಲ್ಲರಿಗೂ ಹೇಳಿದ. ಅದರ ಮೇಲೆ ಟೊಮೆಟೊ ಕುದಿಸಿದ ರಕ್ತ ಹೊಯ್ದ.

“ಆಕ್ಷನ್” ಎಂದ ಕೂಡಲೇ ಇಪ್ಪತ್ತು ಹೆಣ ಬಂಡೆಯ ಮೇಲೆ ಮುಗಿಬಿದ್ದವು. ಮುಂದಿದ್ದವರು ಎರಡೂ ಕೈಲಿ ಬಾಚಿದರು. ಹಿಂದೆ ಉಳಿದ ಹುಲಿಗವ್ವ ಎಂಬ ಮುದುಕಿಗೆ ಒಂದು ಎಳೆಯೂ ಸಿಗಲಿಲ್ಲ. ಅದನ್ನು ಹಂಪಣ್ಣ ನೋಡಿದ. ಆಮೇಲೆ ನಡೆದದ್ದಕ್ಕೆ ಅವನನ್ನು ಹೊಣೆ ಮಾಡುವುದು ಸರಿಯಲ್ಲ. ಅದು ಮೂವತ್ತು ವರ್ಷ ಬಡಿಸಿದ ಕೈಯ ಕೆಲಸ. ಜನರನ್ನು ಸರಿಸಿ ಬಂಡೆಯ ತಲೆಯ ಕಡೆ ನಿಂತ. ಎಡಗೈಯಲ್ಲಿ ಒಂದು ರಾಶಿ ಕರುಳು ಎತ್ತಿಕೊಂಡು ಬಲಗೈಯಿಂದ ಸಾಲಾಗಿ ಹಾಕುತ್ತ ಹೊರಟ. “ಗಡಬಡಿ ಬ್ಯಾಡ್ರಿ, ಎಲ್ಲಾರಿಗೂ ಐತಿ. ನಿನಗ ಬಂತೇನಬೇ ಯವ್ವಾ? ಇನ್ನೊಂದೀಟು ಹಾಕ್ಲ್ಯಾ?”

ಜಾತ್ರೆ, ಮಠ, ಮದುವೆ ಎಲ್ಲ ಕಡೆ ಉಂಡ ಜನ ಅವರು. ಬಡಿಸುವ ಕೈ ಕಂಡದ್ದೇ ತಡ, ಇಪ್ಪತ್ತು ಹೆಣಗಳೂ ಬಂಡೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತವು. ಕೊನೆಯ ಹೆಣ ನೀರು ಕೇಳಿತು.

ಡೈರೆಕ್ಟರು “ಕಟ್” ಎಂದು ಚೀರಿದ. ಎರಡನೇ ಸಲ ತೆಗೆದಾಗಲೂ ಹಂಪಣ್ಣ ಬಡಿಸಿದ. ಮೂರನೇ ಸಲ ಅವನ ಕೈ ಹಿಂದಕ್ಕೆ ಕಟ್ಟಿಸುವ ಮಾತು ಬಂದಾಗ ಕ್ಯಾಮೆರಾದವನು ಮೆಲ್ಲಗೆ, “ಸರ್, ಆರು ಭೂತದ ಪಿಕ್ಚರ್ ಮಾಡಿದೀನಿ, ಇವತ್ತೇ ನಂಗೆ ಮೈ ನಡುಗಿದ್ದು” ಎಂದ. ಡೈರೆಕ್ಟರು ತೆಗೆದದ್ದನ್ನು ಮತ್ತೆ ನೋಡಿದ. ಬಿಳುಚಿದ ಹೆಣವೊಂದು ವಾತ್ಸಲ್ಯದಿಂದ ಮನುಷ್ಯನ ಕರುಳು ಬಡಿಸುತ್ತ, ಸಂಕೋಚ ಪಡಬೇಡಿ ಎಂದು ತಲೆ ಆಡಿಸುತ್ತಿತ್ತು. ಡೈರೆಕ್ಟರು ಕೈ ಕಟ್ಟಿಸುವ ಮಾತು ಬಿಟ್ಟು, ಹಾಗೇ ಇರಲಿ ಎಂದ.

ಹಂಪಣ್ಣ ಒಂದು ತುತ್ತೂ ತಿನ್ನಲಿಲ್ಲ. ಎಲ್ಲರದೂ ಆಗುವಷ್ಟರಲ್ಲಿ ಕರುಳು ಖಾಲಿಯಾಗಿತ್ತು.

ಹನುಮೇಶನ ಕೈ ಸುಮ್ಮನಿರುವ ಕೈಯಲ್ಲ. ಹನ್ನೆರಡು ಸೆಕೆಂಡಿನ ವಿಡಿಯೋ ತೆಗೆದು, ‘ನಮ್ಮ ಕುಕನೂರ ಹಂಪಣ್ಣ, ಎಲ್ಲರೂ ಬೆಂಬಲಿಸಿ’ ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಹಂಪಣ್ಣ ಊರು ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಕುಕನೂರಿನಲ್ಲಿ ಆ ಸಂಜೆ ಅವರೆಲ್ಲರ ಕೈಯಲ್ಲೂ ಫೋನಿತ್ತು. ಇರಕಲ್ಲಗಡದಲ್ಲಿ ಅದು ಕುರಿಯ ಕರುಳು ಅಂದರು. ಯಲಬುರ್ಗಾದಲ್ಲಿ ನಿಜವಾಗಿ ಮನುಷ್ಯನದೇ, ಸಿನಿಮಾದವರು ಎಲ್ಲಿಂದಲೋ ತರಿಸಿದ್ದು ಅಂದರು. ಏನೇ ಆಗಲಿ, ಆ ಕೈ ಹಂಪಣ್ಣನದು ಎಂಬುದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ.

ಆ ರಾತ್ರಿ ಮಾಸ್ತರು ಊಟಕ್ಕೆ ಬರಲಿಲ್ಲ. ಮರುದಿನ ಮಧ್ಯಾಹ್ನ ಬ್ಯಾಂಕಿನವರು ಬರಲಿಲ್ಲ, ಕಾಲೇಜಿನವರೂ ಬರಲಿಲ್ಲ. ವಿರೂಪಾಕ್ಷಮ್ಮ ಬಡಿದ ಇನ್ನೂರು ಜೋಳದ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಒಣಗಿದವು.

“ನಿಮಗ ಗೌಡನ ಪಾತ್ರ ಅಂದಿದ್ರಲ್ಲ?” ಎಂದಳು ಅವಳು.

“ಸತ್ತ ಗೌಡ” ಎಂದ ಹಂಪಣ್ಣ. ಆಮೇಲೆ ಅದೂ ಸುಳ್ಳು ಅನ್ನಿಸಿ, ಮೂಲೆಯಲ್ಲಿ ಕೂತು ಟವೆಲಿನಿಂದ ಕಣ್ಣು ಒರೆಸಿಕೊಂಡ. ಅಪ್ಪ ಕಟ್ಟಿದ ಹೆಸರನ್ನು ಹನ್ನೆರಡು ಸೆಕೆಂಡಿನಲ್ಲಿ ಕಳೆದೆನಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಗಿತ್ತು.

ಎದುರಿನ ಮಾಂಸದ ಖಾನಾವಳಿಯ ಸಿದ್ದೇಶನಿಗೆ ದುಃಖಕ್ಕಿಂತ ಸಿಟ್ಟು ಬಂದಿತ್ತು. ಓಣಿಯ ನಡುವೆ ನಿಂತು ಕೂಗಿದ: “ನಾವು ಲೈಸನ್ಸ್ ತೊಗೊಂಡು ಕುರಿ, ಕೋಳಿಗೆ ನಿಂತೀವಿ. ಇವ್ರು ಶಾಕಾಹಾರಿ ಬೋರ್ಡ್ ಹಾಕ್ಕೊಂಡು ನಮ್ಮನ್ನ ದಾಟಿ ಮನಷ್ಯಾರಿಗೇ ಹೋಗಿಬಿಟ್ರ, ನಾವು ಹೊಟ್ಟಿಗೆ ಏನ್ ತಿನ್ನೂಣು?”

ಕೂಗಿದ್ದಲ್ಲದೆ ಅರ್ಜಿಯನ್ನೂ ಬರೆದ. ಮೂರನೇ ದಿನ ಬೆಳಿಗ್ಗೆ ಆಹಾರ ಸುರಕ್ಷತೆಯ ಅಧಿಕಾರಿ ಒಂದು ಫೈಲು ಹಿಡಿದು ಬಂದರು. ಅಡುಗೆಮನೆ ನೋಡಿದರು, ಉಪ್ಪಿನ ಡಬ್ಬಿ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಫಾರ್ಮು ತೆಗೆದರು.

“ನಿಮ್ಮ ಲೈಸನ್ಸಿನಾಗ ರೊಟ್ಟಿ, ಪಲ್ಯ, ಅನ್ನ, ಸಾರು ಐತಿ. ಕರುಳು ಇಲ್ಲ. ಹೌದಲ್ರಿ?”

“ಹೌದ್ರಿ ಸಾಹೇಬ್ರ.”

“ಮತ್ತ ಬಡಿಸೀರಿ.”

“ಬಡಿಸೀನ್ರಿ. ಆದ್ರ ಇಲ್ಲಲ್ರಿ, ಗಡ್ಡ್ಯಾಗ.”

“ಎಷ್ಟ್ ಮಂದಿಗೆ?”

“ಇಪ್ಪತ್ ಮಂದಿ ಸತ್ತವರಿಗೆ ಸಾಹೇಬ್ರ.”

ಅಧಿಕಾರಿ ‘ಇಪ್ಪತ್ತು’ ಎಂದು ಬರೆದರು. ಉಂಡ ಮೇಲೆ ಸತ್ತವರೋ, ಸತ್ತ ಮೇಲೆ ಉಂಡವರೋ ಎಂದು ಕೇಳಿದರು. ಸತ್ತ ಮೇಲೆ ಎಂದು ತಿಳಿದಾಗ ನಿಟ್ಟುಸಿರು ಬಿಟ್ಟು, “ಹಂಗಾದ್ರ ನಮ್ಮ ಇಲಾಖೆಗೆ ಬರಂಗಿಲ್ಲ” ಎಂದು ಒಂದು ಗೀಟು ಎಳೆದರು. “ಇನ್ನ ಆ ಕರುಳಿನ ಮನಷ್ಯಾ ಎಲ್ಲಿ ಅದಾನ?”

“ದಾವಣಗೆರಿಯಾಂವ್ರಿ. ಎದ್ದು ಸ್ನಾನ ಮಾಡಿ, ಎರಡು ಪ್ಲೇಟ್ ಮಂಡಾಳ ಒಗ್ಗರಣಿ ತಿಂದು, ನಾಲ್ಕರ ಬಸ್ಸಿಗೆ ಹೋಗ್ಯಾನ.”

ಅಧಿಕಾರಿ ಫಾರ್ಮನ್ನು ತಿರುಗಿಸಿ ಹಿಂದಿನ ಮಗ್ಗುಲನ್ನೂ ನೋಡಿದರು. ಕಡೆಗೆ ‘ದೂರುದಾರರು ಯಾರೂ ಜೀವಂತವಾಗಿ ಹಾನಿಗೊಂಡಿರುವುದಿಲ್ಲ’ ಎಂದು ಬರೆದು, ಸಹಿ ಮಾಡಿ ಎದ್ದರು. ವಿರೂಪಾಕ್ಷಮ್ಮ ಚಹಾ ತಂದಾಗ ಮಾತ್ರ ಬೇಡ ಅಂದರು.

ಸರಕಾರ ಬಿಟ್ಟರೂ ದೈವ ಬಿಡಬೇಕಲ್ಲ? ಅದೇ ದಿನ ಹತ್ತು ಗಂಟೆಗೆ ಹಿರಿಯರು ಸೇರಿದರು. ಗುಡಿಯ ಕಟ್ಟೆಗೆ ಹೊಸ ಫರಸಿ ಕಲ್ಲು ಹಾಕುತ್ತಿದ್ದುದರಿಂದ ಹಂಪಣ್ಣನ ಖಾನಾವಳಿಯಲ್ಲಿಯೇ ಕೂತರು. ಕುರ್ಚಿ, ಫ್ಯಾನು ಎರಡೂ ಅಲ್ಲಿದ್ದವು. ನೀರು ಮಾತ್ರ ಮನೆಯಿಂದ ತಂದಿದ್ದರು. ಮಾಸ್ತರು ಮೂರು ದಿನದಲ್ಲಿ ಇಳಿದುಹೋಗಿದ್ದರು. ಬನ್ನು, ಬಾಳೆಹಣ್ಣಿನ ಮೇಲೆ ದಿನ ದೂಡಿದ್ದು ಮುಖದಲ್ಲೇ ಕಾಣುತ್ತಿತ್ತು.

“ಮಾಸ್ತರ್ರ, ನಾ ಒಂದ್ ತುತ್ತೂ ತಿಂದಿಲ್ರಿ. ಬಡಿಸೀನಿ ಅಷ್ಟs” ಎಂದ ಹಂಪಣ್ಣ.

ಕಾಳಿನ ವ್ಯಾಪಾರಿ ಸಣ್ಣಪ್ಪ ಅವನ ಪರ ಬಂದ. “ತಿಂದಿಲ್ಲ ಅಂದ ಮ್ಯಾಲ ಬಾಯಿ ಶುದ್ಧ ಐತಲ್ರಿ.”

ಮಾಸ್ತರು ಕಣ್ಣು ಮುಚ್ಚಿ ಯೋಚಿಸಿದರು. “ಸಣ್ಣಪ್ಪಾ, ಉಂಡಾವಗಿಂತ ಬಡಿಸಿದಾವಗ ಪುಣ್ಯ ಹೆಚ್ಚು ಅಂತ ನಾವs ಹೇಳ್ಕೋತ ಬಂದೀವಿ. ಹಂಗಾದ್ರ ಪಾಪನೂ ಬಡಿಸಿದಾವಗs ಹೆಚ್ಚಾತು. ಇವ ತಿಂದಿದ್ರ ತನ್ನೊಬ್ಬನ ಪಾಲಿಂದು ಇತ್ತು. ಬಡಿಸಿ ಇಪ್ಪತ್ತೂ ಮಂದೀದು ತಲಿ ಮ್ಯಾಲ ಹೊತಗೊಂಡಾನ.”

ಎಲ್ಲರೂ ತಲೆದೂಗಿದರು. ಇಷ್ಟು ಸರಿಯಾದ ತರ್ಕವನ್ನು ಆ ಊರು ಬಹಳ ದಿನದಿಂದ ಕೇಳಿರಲಿಲ್ಲ.

ಹಂಪಣ್ಣ ಎರಡೂ ಕೈ ಮುಂದೆ ಚಾಚಿದ. “ಹನ್ನೊಂದ್ ವರ್ಷ ನನ್ನ ಕೈಯಾಗ ಉಂಡೀರಿ. ಈ ಕೈ ಮ್ಯಾಲ ನಂಬಿಕಿ ಇಲ್ಲೇನ್ರಿ?”

“ಕೈನs ನೋಡೀವಲ್ಲೋ ತಮ್ಮಾ, ವಿಡಿಯೋದಾಗ” ಎಂದರು ಮಾಸ್ತರು. ಹೇಳಿದ ಮೇಲೆ ಅವರಿಗೂ ಕೆಟ್ಟದೆನಿಸಿ ಗೋಡೆಯ ಕಡೆ ನೋಡಿದರು.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದು. ವಿರೂಪಾಕ್ಷಮ್ಮ ಮೂರು ದಿನ ಅತ್ತು ಕೂತಿರಲಿಲ್ಲ. ಹನುಮೇಶನಿಗೆ ಫೋನ್ ಹಚ್ಚಿ, ಆ ಕರುಳು ಮಾಡಿದವನನ್ನು ಕರುಳಿನ ಸಮೇತ ತಂದು ನಿಲ್ಲಿಸದಿದ್ದರೆ ಗಂಗಾವತಿಗೇ ಬಂದು ಅವನದೇ ಕರುಳು ನೋಡುತ್ತೇನೆ ಎಂದು ಹೇಳಿದ್ದಳು. ಹನುಮೇಶನ ಹಿಂದೆ ಯಂಕೇಶ ಇಳಿದ, ಕೈಯಲ್ಲಿ ಮುಚ್ಚಿದ ಬಕೀಟು. ಮುಚ್ಚಳ ತೆಗೆದಾಗ ಮುಂದಿನ ಸಾಲಿನ ಇಬ್ಬರು ಹಿರಿಯರು ಹಿಂದಿನ ಸಾಲಿಗೆ ಹೋದರು.

“ಇವತ್ತ ಮುಂಜಾನಿ ಮಾಡೀನ್ರಿ. ಮೈದಾ, ಅಕ್ಕಿಹಿಟ್ಟು, ಬೀಟ್‌ರೂಟು, ಟೊಮೆಟೊ” ಎಂದು ಯಂಕೇಶ ಬೆರಳು ಮಡಚಿದ. “ಬೇರೆ ಏನೂ ಇಲ್ರಿ. ನನ್ನ ತಾಯಾಣಿ.”

“ಬಾಯಿಲೆ ಎಲ್ಲಾರೂ ಹೇಳ್ತಾರ. ತಿಂದು ನೋಡೋರು ಯಾರು?” ಎಂದ ಸಿದ್ದೇಶ ಬಾಗಿಲಲ್ಲಿ ನಿಂತು.

ಯಾರೂ ಕೈ ಚಾಚಲಿಲ್ಲ. ಬಕೀಟಿನಲ್ಲಿ ಅದು ಅಷ್ಟು ನಿಜವಾಗಿ ಹೊಳೆಯುತ್ತಿತ್ತು. ಯಂಕೇಶ ತನ್ನ ಕಸುಬಿನ ಬಗ್ಗೆ ಹೆಮ್ಮೆ ಮತ್ತು ಭಯ ಎರಡನ್ನೂ ಒಟ್ಟಿಗೆ ಪಟ್ಟ.

ಹಂಪಣ್ಣ ಎದ್ದ. ಎದುರಿಗೆ ಮೂರು ದಿನ ಹಸಿದ ಮಾಸ್ತರು ಸೇರಿ ಹನ್ನೆರಡು ಮಂದಿ ಕೂತಿರುವಾಗ ಅವನು ತಾನೇ ಮೊದಲು ತಾಟು ಹಿಡಿದದ್ದು ಜೀವನದಲ್ಲಿ ಅದೇ ಮೊದಲು. ಒಂದು ಹಿಡಿ ಕರುಳು ಹಾಕಿಕೊಂಡು, ಕೊರಳ ಲಿಂಗಕ್ಕೆ ಕೈ ಮುಗಿದು, ಒಂದು ತುಂಡು ಬಾಯಿಗಿಟ್ಟ. ಜಗಿದ. ನುಂಗಿದ. ಊರಿಗೆ ಊರೇ ಅವನ ಗಂಟಲು ನೋಡಿತು. ಹಂಪಣ್ಣನ ಹುಬ್ಬು ಮೆಲ್ಲಗೆ ಗಂಟಾಯಿತು.

“ಹೆಂಗೈತಿ?” ಎಂದರು ಮಾಸ್ತರು.

ಈ ಒಂದು ಉತ್ತರದ ಮೇಲೆ ಅವನ ಖಾನಾವಳಿ ನಿಂತಿತ್ತು. ಚಲೋ ಐತಿ ಅಂದಿದ್ದರೆ ಸಾಕಿತ್ತು. ಆದರೆ ಅಡುಗೆಯ ವಿಷಯದಲ್ಲಿ ಸುಳ್ಳು ಹೇಳುವುದು ಅವನಿಗೆ ಬರುವುದಿಲ್ಲ.

“ಥೂ, ಉಪ್ಪs ಇಲ್ರಿ” ಎಂದ. ಯಂಕೇಶನ ಕಡೆ ತಿರುಗಿ, “ಇಂಥಾದ್ದನ್ನ ಇಪ್ಪತ್ ಮಂದಿಗೆ ನನ್ನ ಕೈಲೆ ಬಡಿಸಾಕ ಹಚ್ಚಿದೆಲ್ಲೋ! ಆ ಮುದಕಿ ಏನಂತ ತಿಂದಾಳ ಇದನ್ನ?” ಎಂದು ಜೋರಾಗಿ ಬೈದ. ಬೈಯುತ್ತಲೇ ಬಕೀಟು ಎತ್ತಿಕೊಂಡು ಒಳಗೆ ನಡೆದ. ನ್ಯಾಯ ಅರ್ಧಕ್ಕೇ ನಿಂತಿತು.

ಒಳಗೆ ಒಲೆ ಹೊತ್ತಿತು. ಕಡಾಯಿಗೆ ಎಣ್ಣೆ ಬಿತ್ತು. ಸಾಸಿವೆ ಚಟಪಟ ಅಂದಿತು. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಒಂದರ ಹಿಂದೊಂದು ಬಿದ್ದವು. ಆ ವಾಸನೆ ಹೊರಗೆ ಬಂದು ಹಿರಿಯರ ಸಾಲಿನ ನಡುವೆ ಸುಳಿದಾಡಿತು. ಸಣ್ಣಪ್ಪ ಮಾತು ನಿಲ್ಲಿಸಿದ. ಸಿದ್ದೇಶ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದ. ಮಾಸ್ತರ ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ಹಂಪಣ್ಣ ಉಪ್ಪು, ಶೇಂಗಾ ಪುಡಿ, ಲಿಂಬೆರಸ ಹಾಕಿ, ಒಂದು ಎಳೆ ಬಾಯಿಗಿಟ್ಟು ನೋಡಿ, ತಲೆ ಆಡಿಸಿ, ಕಡಾಯಿ ಸಮೇತ ಹೊರಗೆ ತಂದ.

“ನಿರ್ಣಯ ಆಗಬೇಕಂದ್ರ ಸಾಕ್ಷಿ ನೋಡಬೇಕಾಕ್ಕೈತಿ” ಎಂದರು ಮಾಸ್ತರು ಗಂಭೀರವಾಗಿ. “ಒಂದು ಚಮಚಾ ಹಾಕು.”

ಒಂದು ಚಮಚ ಸಾಕ್ಷಿ ಯಾವ ನ್ಯಾಯಕ್ಕೂ ಸಾಲದು. ಮಾಸ್ತರು ತಾಟು ಮತ್ತೆ ಚಾಚಿದರು. ದೈವದಲ್ಲಿ ಒಬ್ಬರು ಮಾಡಿದ್ದನ್ನು ಉಳಿದವರು ಮಾಡದಿದ್ದರೆ ಒಗ್ಗಟ್ಟು ಉಳಿಯುವುದಿಲ್ಲವಾದ್ದರಿಂದ, ಹನ್ನೆರಡೂ ಮಂದಿ ತಾಟು ಹಿಡಿದರು. ಎಳೆಗಳು ಉದ್ದವಾಗಿದ್ದವು; ಎತ್ತಿ ಬಾಯಿಗೆ ಹಾಕಿದರೆ ಅರ್ಧ ಹೊರಗೆ ಜೋತಾಡುತ್ತಿದ್ದವು. ಬೀಟ್‌ರೂಟಿನ ಕೆಂಪು ಎಲ್ಲರ ಗದ್ದದ ಮೇಲಿಂದ ಬಿಳಿ ಅಂಗಿಗೆ ಇಳಿಯಿತು. ಸಿದ್ದೇಶ ನಿಂತೇ ತಿಂದ. ಕುರಿಯದಕ್ಕಿಂತ ಮೆತ್ತಗಿದೆ ಎಂದು ಒಪ್ಪಿಕೊಂಡ.

ಹನುಮೇಶ ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂದು ಯಾರೂ ನೋಡಲಿಲ್ಲ. ಅವನ ಫೋನು ಎರಡು ನಿಮಿಷದ ವಿಡಿಯೋ ತೆಗೆದು, ‘ಕುಕನೂರ ಸಮಸ್ತ ದೈವ, ಎಲ್ಲರೂ ಬೆಂಬಲಿಸಿ’ ಎಂದು ಆಗಲೇ ಸ್ಟೇಟಸ್ಸಿಗೆ ಕಳಿಸಿತ್ತು.

ಮಾಸ್ತರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕುಷ್ಟಗಿಗೆ ಕೊಟ್ಟ ಮಗಳು ಅಮೃತಾ. ಕೈ ಎಂಜಲಾಗಿದ್ದರಿಂದ ಸಣ್ಣಪ್ಪ ಫೋನನ್ನು ಮಾಸ್ತರ ಕಿವಿಗೆ ಹಿಡಿದ. ಅವಳ ಚೀರಾಟ ಕಡೆಯ ಮೇಜಿನವರೆಗೂ ಕೇಳಿಸಿತು.

“ಅಪ್ಪಾ! ಈಗ ವಿಡಿಯೋ ನೋಡಿದೆ! ಯಾರ ಕರಳು ತಿನ್ನಾಕತ್ತೀಯಪಾ ನೀನು?”

ಮಾಸ್ತರು ಬಾಯಿಂದ ಜೋತಾಡುತ್ತಿದ್ದ ಎಳೆಯನ್ನು ನಿಧಾನವಾಗಿ ಒಳಗೆ ಎಳೆದುಕೊಂಡು, ಜಗಿದು, ಮೀಸೆ ಒರೆಸಿಕೊಂಡರು.

“ಯಾರದಾದ್ರ ಏನವ್ವಾ, ಹಂಪಣ್ಣನ ಕೈಯಾಗಿಂದು” ಎಂದರು. “ಉಪ್ಪು ಸರಿ ಆಗೇತಿ. ಫೋನ್ ಇಡು.”